ಕರ್ನಾಟಕದ ಸ್ಥಳೀಯ ಸರ್ಕಾರಗಳಲ್ಲಿ ಉದ್ಯೋಗ

ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ ಮತ್ತು ಪಟ್ಟಣ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ನಗರ ಸಂಸ್ಥೆಗಳಲ್ಲಿ ಸಂಬಳ ಪಡೆದು ಮಾಡುವ ಸಾರ್ವಜನಿಕ ಕೆಲಸಕ್ಕೆ ಸ್ಥಳೀಯ ಸರ್ಕಾರಿ ಉದ್ಯೋಗ ಎನ್ನುತ್ತಾರೆ. ಚುನಾವಣೆಯಲ್ಲಿ ಗೆದ್ದು ಬರುವ ಸದಸ್ಯರು, ಅಧ್ಯಕ್ಷರು, ಮೇಯರ್‌ಗಳು ಜನಪ್ರತಿನಿಧಿಗಳೇ ಹೊರತು ನೌಕರರಲ್ಲ. ಅವರಿಗೆ ಸಿಗುವುದು ಗೌರವಧನ. ನೌಕರರಲ್ಲಿ ಐಎಎಸ್ ದರ್ಜೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯೂ ಇದ್ದಾರೆ, ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರೂ ಇದ್ದಾರೆ. ಈ ಕ್ಷೇತ್ರಕ್ಕೆ ವಿಶಿಷ್ಟವಾದ ಒಂದು ಲಕ್ಷಣವಿದೆ: ನೌಕರನನ್ನು ಆಯ್ಕೆ ಮಾಡುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು, ದಿನದ ಕೆಲಸ ಹೇಳುವವರು ಮತ್ತೊಬ್ಬರು. ನೇಮಕಾತಿ, ಬಡ್ತಿ, ವರ್ಗಾವಣೆ, ಮುಷ್ಕರಗಳ ಹಿಂದೆಲ್ಲ ಈ ಮೂರು ಎಳೆಗಳ ಸಿಕ್ಕು ಕಾಣುತ್ತದೆ.

ಹಿನ್ನೆಲೆ

ಊರಿನ ಆಡಳಿತಕ್ಕೆ ಸಂಬಳದ ನೌಕರರು ಬಂದದ್ದು ಈಚೆಗೆ. ಅದಕ್ಕೂ ಮೊದಲು ಈ ಕೆಲಸಗಳು ಮನೆತನದ ಹಕ್ಕುಗಳಾಗಿದ್ದವು. ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಗಾವುಂಡ, ಸೇನಬೋವರ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಹಳೆ ಮೈಸೂರಿನಲ್ಲಿ ಪಟೇಲ ಮತ್ತು ಶಾನುಭೋಗ, ಉತ್ತರ ಕರ್ನಾಟಕದಲ್ಲಿ ಗೌಡ ಮತ್ತು ಕುಲಕರ್ಣಿ ಊರಿನ ಆಡಳಿತ ನೋಡಿಕೊಳ್ಳುತ್ತಿದ್ದರು. ಅವರ ಕೈಕೆಳಗೆ ತಳವಾರ, ತೋಟಿ, ನೀರುಗಂಟಿಗಳಿದ್ದರು. ಲೆಕ್ಕದ ಪುಸ್ತಕ ಒಂದೇ ಮನೆಯಲ್ಲಿ ತಲೆಮಾರುಗಟ್ಟಲೆ ಉಳಿಯುತ್ತಿದ್ದುದರಿಂದ ಊರಿನ ಜಮೀನಿನ ಗುಟ್ಟು ಆ ಮನೆಯ ಸ್ವತ್ತಾಗಿತ್ತು. 1961ರಲ್ಲಿ ಅಂಗೀಕಾರವಾದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ಶಾನುಭೋಗರ ಜಾಗಕ್ಕೆ ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಿಗರು ಬಂದರು.

ನಗರಗಳಲ್ಲಿ ಸಂಬಳದ ಆಡಳಿತ ಇನ್ನೂ ಹಳೆಯದು. ಬೆಂಗಳೂರು ಮತ್ತು ಮೈಸೂರಿನಲ್ಲಿ 1862ರಲ್ಲೇ ಪುರಸಭಾ ಸಮಿತಿಗಳು ರಚನೆಯಾಗಿದ್ದವು. ಗವರ್ನರ್ ಜನರಲ್ ರಿಪ್ಪನ್ 1882ರಲ್ಲಿ ಹೊರಡಿಸಿದ ನಿರ್ಣಯ ಸ್ಥಳೀಯ ಸಂಸ್ಥೆಗಳಿಗೆ ಚುನಾಯಿತ ಸದಸ್ಯರನ್ನು ತರುವ ದಾರಿ ತೋರಿಸಿತು. 1949ರಲ್ಲಿ ಬೆಂಗಳೂರಿಗೆ ನಗರ ಪಾಲಿಕೆ ಬಂದಿತು. 1926ರಲ್ಲಿ ಮೈಸೂರು ಸಂಸ್ಥಾನ ಗ್ರಾಮ ಪಂಚಾಯಿತಿ ಕಾಯ್ದೆ ಮಾಡಿತಾದರೂ ಹಳ್ಳಿಗೆ ಅಭಿವೃದ್ಧಿ ಕೆಲಸದ ನೌಕರ ಕಾಲಿಟ್ಟದ್ದು 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಡನೆ. ಬೀಜ, ಗೊಬ್ಬರ, ಶೌಚಾಲಯ, ಶಾಲೆ ಎಂದು ಹಲವು ಹಳ್ಳಿಗಳನ್ನು ಸುತ್ತುತ್ತಿದ್ದ ಗ್ರಾಮಸೇವಕರು ಇಂದಿನ ಪಂಚಾಯಿತಿ ಅಧಿಕಾರಿಗಳ ಪೂರ್ವಿಕರು ಎನ್ನಬಹುದು.

ದೊಡ್ಡ ತಿರುವು ಬಂದದ್ದು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದ 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ, ಕೊಳವೆಬಾವಿಗಳಿಂದಾಗಿ ‘ನೀರ್ ಸಾಬ್’ ಎಂದು ಹೆಸರಾದ ಅಬ್ದುಲ್ ನಜೀರ್ ಸಾಬ್ ಈ ಕಾಯ್ದೆಯ ಶಿಲ್ಪಿ. 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯನ್ನು ಹಾಕಲಾಯಿತು. ಜಿಲ್ಲಾ ಮಟ್ಟದ ಹಲವು ಇಲಾಖೆಗಳ ಅಧಿಕಾರಿಗಳು ಏಕಾಏಕಿ ಜನಪ್ರತಿನಿಧಿಗಳ ಎದುರು ಉತ್ತರ ಹೇಳಬೇಕಾಗಿ ಬಂದಿತು. ಜಿಲ್ಲಾಧಿಕಾರಿಯೇ ಸರ್ವೋಚ್ಚ ಎಂದು ನಂಬಿದ್ದ ನೌಕರಶಾಹಿಗೆ ಇದು ಒಗ್ಗಲು ಸುಲಭವಿರಲಿಲ್ಲ.

ಈಗಿನ ಕಾನೂನಿನ ಚೌಕಟ್ಟು ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳದು. ಪಂಚಾಯಿತಿಗಳಿಗೆ ಹನ್ನೊಂದನೇ ಅನುಸೂಚಿಯ 29 ವಿಷಯಗಳೂ ನಗರ ಸಂಸ್ಥೆಗಳಿಗೆ ಹನ್ನೆರಡನೇ ಅನುಸೂಚಿಯ 18 ವಿಷಯಗಳೂ ಗೊತ್ತಾದವು. ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ 1993ರ ಮೇ 10ರಂದು ಜಾರಿಗೆ ಬಂದಿತು. ರಮೇಶ್ ಕುಮಾರ್ ಸಮಿತಿಯ ಶಿಫಾರಸುಗಳ ಹಿನ್ನೆಲೆಯಲ್ಲಿ 2015ರಲ್ಲಿ ಇದಕ್ಕೆ ವ್ಯಾಪಕ ತಿದ್ದುಪಡಿಯಾಗಿ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿತು. ಪಂಚಾಯಿತಿಗಳಿಗೆಂದೇ ಪ್ರತ್ಯೇಕ ಆಡಳಿತ ಸೇವೆಯೊಂದನ್ನು ಕಟ್ಟಲು ಅವಕಾಶ ಸಿಕ್ಕಿದ್ದೂ ಆ ತಿದ್ದುಪಡಿಯಲ್ಲೇ.

ರಚನೆ

ರಾಜ್ಯದಲ್ಲಿ 31 ಜಿಲ್ಲಾ ಪಂಚಾಯಿತಿಗಳೂ ಸುಮಾರು 5,950 ಗ್ರಾಮ ಪಂಚಾಯಿತಿಗಳೂ ಇವೆ. ಜಿಲ್ಲಾ ಪಂಚಾಯಿತಿಯ ಆಡಳಿತ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಕೈಯಲ್ಲಿದೆ. ಆಡುಮಾತಿನಲ್ಲಿ ಅವರು ‘ಸಿಇಒ’. ಉಪಕಾರ್ಯದರ್ಶಿ, ಮುಖ್ಯ ಲೆಕ್ಕಾಧಿಕಾರಿ, ಮುಖ್ಯ ಯೋಜನಾಧಿಕಾರಿಗಳು ಅವರ ಜೊತೆಗಿರುತ್ತಾರೆ. ತಾಲ್ಲೂಕು ಪಂಚಾಯಿತಿಗೆ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ‘ಇಒ’, ಮತ್ತು ಸಹಾಯಕ ನಿರ್ದೇಶಕರು. ಗ್ರಾಮ ಪಂಚಾಯಿತಿಗೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಎಲ್ಲರ ಬಾಯಲ್ಲಿ ‘ಪಿಡಿಒ’.

ನಗರ ಸಂಸ್ಥೆಗಳ ದರ್ಜೆಯನ್ನು ಮುಖ್ಯವಾಗಿ ಜನಸಂಖ್ಯೆ ನಿರ್ಧರಿಸುತ್ತದೆ. 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲೆ ಮಹಾನಗರ ಪಾಲಿಕೆ. ಮೊದಲ ಎರಡಕ್ಕೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತ, ಪಾಲಿಕೆಗೆ ಆಯುಕ್ತ ಮುಖ್ಯಸ್ಥರು. ಪಾಲಿಕೆಗಳಿಗೆ 1976ರ ಕಾಯ್ದೆಯೂ ಉಳಿದವಕ್ಕೆ 1964ರ ಪುರಸಭೆಗಳ ಕಾಯ್ದೆಯೂ ಅನ್ವಯಿಸುತ್ತವೆ. ಬೆಂಗಳೂರಿನ ದಾರಿ ಬೇರೆ. 2007ರಲ್ಲಿ ರಚನೆಯಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಅಡಿಯಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ಪಾಲಿಕೆಗಳೂ ಬಂದವು. ಒಂದು ಕಚೇರಿಯ ನೌಕರರು ಐದು ಕಡೆ ಹಂಚಿಹೋದರು.

ಗ್ರಾಮ ಪಂಚಾಯಿತಿಯ ಹುದ್ದೆಗಳು

ಗ್ರಾಮೀಣ ಆಡಳಿತದ ಕೇಂದ್ರಬಿಂದು ಪಿಡಿಒ. ಯಾವುದೇ ಪದವಿ ಇದ್ದವರು ಅರ್ಹರು. ಹುದ್ದೆ ಗ್ರೂಪ್ ‘ಸಿ’ ವೃಂದದ್ದು. ಮನೆಗಂದಾಯದ ಬೇಡಿಕೆ, ಕುಡಿಯುವ ನೀರು, ಬೀದಿ ದೀಪ, ಉದ್ಯೋಗ ಖಾತ್ರಿಯ ಕಾಮಗಾರಿ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ಆಸ್ತಿಯ ಇ-ಸ್ವತ್ತು, ಕಟ್ಟಡ ಪರವಾನಗಿ, ವಾರ್ಡ್ ಸಭೆ, ಗ್ರಾಮ ಸಭೆ, ಸಾಮಾನ್ಯ ಸಭೆಯ ನಡವಳಿ, ಇವೆಲ್ಲ ಒಬ್ಬರ ಮೇಜಿಗೇ ಬರುತ್ತವೆ. ಪಂಚಾಯಿತಿಯ ಖಾತೆಯಿಂದ ಹಣ ತೆಗೆಯಲು ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಸಹಿಯೂ ಬೇಕು. ಹೀಗಾಗಿ ಕಾಮಗಾರಿ ತಪ್ಪಾದರೆ ತನಿಖೆಯಲ್ಲಿ ಉತ್ತರಿಸುವವರೂ ಇಬ್ಬರು. ಆದರೆ ಅಧ್ಯಕ್ಷರ ಅವಧಿ ಮುಗಿಯುತ್ತದೆ, ಪಿಡಿಒ ಸೇವಾ ಪುಸ್ತಕ ಮುಂದುವರಿಯುತ್ತದೆ.

ಪಿಡಿಒ ಜೊತೆಗೆ ಗ್ರೇಡ್-1 ಅಥವಾ ಗ್ರೇಡ್-2 ಕಾರ್ಯದರ್ಶಿ, ದೊಡ್ಡ ಪಂಚಾಯಿತಿಗಳಲ್ಲಿ ದ್ವಿತೀಯ ದರ್ಜೆ ಲೆಕ್ಕ ಸಹಾಯಕರು ಇರುತ್ತಾರೆ. ಇವರೆಲ್ಲ ರಾಜ್ಯ ಸರ್ಕಾರಿ ನೌಕರರು. ಇವರ ಕೆಳಗಿನ ಸಾಲು ಪಂಚಾಯಿತಿಯೇ ನೇಮಿಸಿಕೊಂಡ ನೌಕರರದ್ದು: ಕರ ವಸೂಲಿ ಮಾಡುವ ಬಿಲ್ ಕಲೆಕ್ಟರ್, ಕ್ಲರ್ಕ್ ಮತ್ತು ಡೇಟಾ ಎಂಟ್ರಿ ಆಪರೇಟರ್, ಜವಾನ, ಸ್ವಚ್ಛತಾಗಾರ ಮತ್ತು ನೀರು ಬಿಡುವವರು. ಕೊನೆಯವರನ್ನು ಹಳೆ ಮೈಸೂರು ಕಡೆ ಇಂದಿಗೂ ನೀರುಗಂಟಿ ಎಂದೇ ಕರೆಯುತ್ತಾರೆ, ಬೇರೆ ಕಡೆ ವಾಟರ್‌ಮನ್. ಹಿಂದೆ ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿ ಇಂದು ಮೋಟಾರ್ ಸ್ವಿಚ್ ಹಾಕಿ ಯಾವ ಬೀದಿಗೆ ಯಾವಾಗ ನೀರು ಎಂದು ತೀರ್ಮಾನಿಸುತ್ತಾನೆ. ವಿದ್ಯುತ್ ಬರುವ ಹೊತ್ತಿಗೆ ಕೆಲಸ ಹೊಂದಿಕೊಳ್ಳಬೇಕಾದುದರಿಂದ ಅವನ ಪಾಳಿಗೆ ಗಡಿಯಾರದ ಲೆಕ್ಕವಿಲ್ಲ.

ಪಂಚಾಯಿತಿ ನೇಮಿಸಿದ ಈ ನೌಕರರ ನೇಮಕಕ್ಕೆ ಜಿಲ್ಲಾ ಪಂಚಾಯಿತಿಯ ಅನುಮೋದನೆ ಬೇಕು. ಅನುಮೋದನೆ ಇದ್ದವರು ಮತ್ತು ಇಲ್ಲದವರು ಎಂಬ ಒಡಕು ಹುಟ್ಟಿದ್ದು ಇಲ್ಲಿಂದಲೇ. ಅನುಮೋದಿತರಿಗೆ ಕನಿಷ್ಠ ವೇತನ ಅನ್ವಯಿಸುತ್ತದೆ, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಬಿಲ್ ಕಲೆಕ್ಟರ್‌ಗಳಿಗೆ ಗ್ರೇಡ್-2 ಕಾರ್ಯದರ್ಶಿಯಾಗುವ ಅವಕಾಶವೂ ಇದೆ. ಹೊರಗುಳಿದವರಿಗೆ ಈ ಏಣಿಯ ಮೊದಲ ಮೆಟ್ಟಿಲೇ ಎಟಕುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಹೊಸ ಬಗೆಯ ಕೆಲಸಗಳೂ ಹುಟ್ಟಿವೆ. ಉದ್ಯೋಗ ಖಾತ್ರಿ ಕೂಲಿಕಾರರನ್ನು ಸಂಘಟಿಸಲು ಗ್ರಾಮ ಕಾಯಕ ಮಿತ್ರರನ್ನು ನೇಮಿಸಲಾಯಿತು. ಈ ಕೆಲಸಕ್ಕೆ ಆಯ್ಕೆಯಾದವರು ಮಹಿಳೆಯರು. ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳ ಸದಸ್ಯೆಯರು ಚಾಲನಾ ತರಬೇತಿ ಪಡೆದು ಕಸ ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ ಓಡಿಸುತ್ತಿದ್ದಾರೆ. 2019ರಲ್ಲಿ ಗ್ರಾಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದ ಮೇಲೆ ಅವು ‘ಅರಿವು ಕೇಂದ್ರ’ಗಳಾದವು, ಮೇಲ್ವಿಚಾರಕರು ಪಂಚಾಯಿತಿ ವ್ಯವಸ್ಥೆಯ ಭಾಗವಾದರು.

ಗ್ರಾಮ ಆಡಳಿತಾಧಿಕಾರಿ

ಪಿಡಿಒ ಜೊತೆ ಜನ ಹೆಚ್ಚಾಗಿ ಗೊಂದಲ ಮಾಡಿಕೊಳ್ಳುವ ಹುದ್ದೆ ಗ್ರಾಮ ಆಡಳಿತಾಧಿಕಾರಿಯದು. ಹಿಂದೆ ಗ್ರಾಮ ಲೆಕ್ಕಿಗ ಎಂದು ಕರೆಯುತ್ತಿದ್ದ ಈ ನೌಕರ ಸ್ಥಳೀಯ ಸರ್ಕಾರದವನಲ್ಲ, ಕಂದಾಯ ಇಲಾಖೆಯವನು. ಅವನ ಮೇಲಧಿಕಾರಿಗಳು ಕಂದಾಯ ನಿರೀಕ್ಷಕ ಮತ್ತು ತಹಶೀಲ್ದಾರ್. ಹೊಲದ ಪಹಣಿ, ಪೌತಿ ಖಾತೆ, ಬೆಳೆ ಸಮೀಕ್ಷೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಬೇಕಾದ ವರದಿ ಇವನ ಪಾಲು. ಊರೊಳಗಿನ ಮನೆ, ನಿವೇಶನದ ನಮೂನೆ 9 ಮತ್ತು 11 ಮಾತ್ರ ಪಂಚಾಯಿತಿಯಿಂದ. ಒಂದೇ ರೈತ ಒಂದೇ ದಿನ ಹೊಲಕ್ಕೊಂದು ಕಚೇರಿ, ಮನೆಗೊಂದು ಕಚೇರಿ ಅಲೆಯುವುದಕ್ಕೆ ಕಾರಣ ಈ ವಿಭಜನೆ.

ನಗರ ಸಂಸ್ಥೆಗಳ ಹುದ್ದೆಗಳು

ನಗರಾಡಳಿತದಲ್ಲಿ ಕೆಲಸಗಳು ವಿಷಯವಾರು ಒಡೆದುಕೊಂಡಿವೆ. ಆಸ್ತಿ ತೆರಿಗೆ, ಖಾತೆಗೆ ಕಂದಾಯ ಅಧಿಕಾರಿ, ಕಂದಾಯ ನಿರೀಕ್ಷಕ, ಕರ ವಸೂಲಿಗಾರ. ರಸ್ತೆ, ಚರಂಡಿ, ನೀರಿಗೆ ಎಂಜಿನಿಯರ್‌ಗಳು. ಅಂಗಡಿ ಪರವಾನಗಿ, ಕಸ, ನೈರ್ಮಲ್ಯಕ್ಕೆ ಆರೋಗ್ಯ ನಿರೀಕ್ಷಕರು. ಬಡತನ ನಿರ್ಮೂಲನೆ ಕಾರ್ಯಕ್ರಮಗಳಿಗೆ ಸಮುದಾಯ ಸಂಘಟಕರು. ಮುಖ್ಯಾಧಿಕಾರಿಗಳು ಕರ್ನಾಟಕ ಪೌರಾಡಳಿತ ಸೇವೆಗೆ ಸೇರಿದವರು, ರಾಜ್ಯದ ಯಾವ ಊರಿಗಾದರೂ ವರ್ಗವಾಗಬಹುದು.

ಈ ಕ್ಷೇತ್ರದ ದುಡಿಮೆಯ ಇತಿಹಾಸ ತಿಳಿಯಬೇಕಾದರೆ ನೋಡಬೇಕಾದದ್ದು ಪೌರಕಾರ್ಮಿಕರ ಕಡೆಗೆ. ಬಹುಪಾಲು ದಲಿತ ಸಮುದಾಯದವರೇ ಮಾಡುತ್ತ ಬಂದ ಕೆಲಸ ಇದು. ದೇವರಾಜ ಅರಸು ಸಂಪುಟದ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕು ಮತ್ತು ದುಡಿಮೆಯ ಸ್ಥಿತಿಗತಿ ಅಧ್ಯಯನ ಮಾಡಿ ವರದಿ ಕೊಟ್ಟಿತು. ನಿಷೇಧದ ಆದೇಶ ನಾಲ್ಕು ದಶಕ ಹಳೆಯದಾಗುವ ಹೊತ್ತಿಗೂ ಪದ್ಧತಿ ಪೂರ್ತಿ ಅಳಿದಿರಲಿಲ್ಲ ಎಂಬುದಕ್ಕೆ 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ನಡೆಸಿದ ಪ್ರತಿಭಟನೆ ಸಾಕ್ಷಿಯಾಯಿತು. ಮಲ ಹೊರುವ ಪದ್ಧತಿಯ ವಿರುದ್ಧದ ಕೇಂದ್ರ ಕಾಯ್ದೆ ಹೊಸ ರೂಪದಲ್ಲಿ ಬಂದದ್ದು 2013ರಲ್ಲಿ.

ಇತ್ತ ಗುತ್ತಿಗೆ ಪದ್ಧತಿ ಬೆಳೆದು, ಹಾಜರಿ ಪುಸ್ತಕದಲ್ಲಿ ಇರುವವರು ಬೀದಿಯಲ್ಲಿಲ್ಲ, ಬೀದಿಯಲ್ಲಿ ಇರುವವರಿಗೆ ಭವಿಷ್ಯ ನಿಧಿ ಇಲ್ಲ ಎಂಬ ದೂರುಗಳು ಸಾಮಾನ್ಯವಾದವು. 2017ರಿಂದ ಬೀದಿ ಗುಡಿಸುವವರಿಗೆ ಗುತ್ತಿಗೆದಾರರನ್ನು ಬಿಟ್ಟು ಪಾಲಿಕೆಯೇ ನೇರವಾಗಿ ಸಂಬಳ ಕೊಡುವ ವ್ಯವಸ್ಥೆ ಬಂದಿತು. 2022ರ ಜುಲೈನ ಮುಷ್ಕರದ ನಂತರ ವಿಶೇಷ ನೇಮಕಾತಿ ನಿಯಮಗಳಡಿ 11,133 ಮಂದಿಯನ್ನು ಕಾಯಂಗೊಳಿಸಲು ಸರ್ಕಾರ ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ನೇಮಕಾತಿ ಆದೇಶ ಹಂಚಲಾಯಿತು. ಇದು ಬೀದಿ ಗುಡಿಸುವವರ ಕಥೆ. ಕಸದ ಆಟೊ ಚಾಲಕರು, ಲೋಡರ್‌ಗಳು, ಒಳಚರಂಡಿ ಕಾರ್ಮಿಕರ ಬೇಡಿಕೆ ಇದರಿಂದ ಮುಗಿಯಲಿಲ್ಲ.

ನೇಮಕಾತಿ

ಈ ಕ್ಷೇತ್ರಕ್ಕೆ ಬರುವ ದಾರಿಗಳು ಮೂರ್ನಾಲ್ಕು. ಜಿಲ್ಲಾ ಪಂಚಾಯಿತಿ ಸಿಇಒ ಹುದ್ದೆಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಅಥವಾ ರಾಜ್ಯ ಸೇವೆಯಿಂದ ಐಎಎಸ್‌ಗೆ ಬಡ್ತಿ. ಉಪಕಾರ್ಯದರ್ಶಿ, ಮುಖ್ಯಾಧಿಕಾರಿಯಂಥ ಹುದ್ದೆಗಳಿಗೆ 1951ರಲ್ಲಿ ಸ್ಥಾಪನೆಯಾದ ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ ಒಂದು ದಾರಿ. ಪಿಡಿಒ, ಕಾರ್ಯದರ್ಶಿ, ಗ್ರಾಮ ಆಡಳಿತಾಧಿಕಾರಿಗಳ ಆಯ್ಕೆಯನ್ನು ಕೆಲವೊಮ್ಮೆ ಆಯೋಗ, ಕೆಲವೊಮ್ಮೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿವೆ. ಪರೀಕ್ಷಾ ಪ್ರಾಧಿಕಾರ 2016–17ರಲ್ಲಿ 815 ಪಿಡಿಒ ಮತ್ತು 809 ಗ್ರೇಡ್-1 ಕಾರ್ಯದರ್ಶಿ ಹುದ್ದೆಗಳಿಗೆ ಆಯ್ಕೆ ನಡೆಸಿತು. ಪಿಯುಸಿ ವಿದ್ಯಾರ್ಹತೆಯ ಒಂದು ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ 2024ರಲ್ಲಿ ಪರೀಕ್ಷೆ ನಡೆಸಿದ್ದೂ ಅದೇ. ಅದೇ ವರ್ಷ 247 ಪಿಡಿಒ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿದ್ದು ಲೋಕಸೇವಾ ಆಯೋಗ. ಅವುಗಳಲ್ಲಿ 97 ಕಲ್ಯಾಣ ಕರ್ನಾಟಕದವು.

ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ‘ಎ’ ಮತ್ತು ‘ಬಿ’ಯಲ್ಲಿ ಶೇ 75, ‘ಸಿ’ಯಲ್ಲಿ ಶೇ 80, ‘ಡಿ’ಯಲ್ಲಿ ಶೇ 85 ಹುದ್ದೆಗಳು ಆ ಭಾಗದವರಿಗೆ ಮೀಸಲು. ಜಾತಿ ಆಧಾರಿತ ಮೀಸಲಾತಿಯ ಒಳಗೇ ಮಹಿಳೆಯರು, ಗ್ರಾಮೀಣ ಅಭ್ಯರ್ಥಿಗಳು, ಕನ್ನಡ ಮಾಧ್ಯಮದಲ್ಲಿ ಓದಿದವರು, ಅಂಗವಿಕಲರು, ಮಾಜಿ ಸೈನಿಕರಿಗೆ ಸಮತಲ ಮೀಸಲಾತಿಯಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಲ್ಲಿ ಶೇ 1 ಮೀಸಲಿಟ್ಟ ಮೊದಲ ರಾಜ್ಯ ಕರ್ನಾಟಕ. ಕನ್ನಡದಲ್ಲಿ ನಿಗದಿತ ಮಟ್ಟದವರೆಗೆ ಓದಿರದ ಅಭ್ಯರ್ಥಿಗಳು 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ ಕನಿಷ್ಠ 50 ಪಡೆಯಲೇಬೇಕು. ಗ್ರೂಪ್ ‘ಸಿ’ ಹುದ್ದೆಗಳಿಗೆ ಸಂದರ್ಶನವಿಲ್ಲ.

ಹಿಂಬಾಗಿಲಿನಿಂದ ಬಂದು ಕಾಯಂ ಆಗುವ ಹಳೆಯ ದಾರಿಗೆ ಬೀಗ ಹಾಕಿದ್ದು ಕರ್ನಾಟಕದ್ದೇ ಒಂದು ಮೊಕದ್ದಮೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು, ನಿಯಮಬದ್ಧ ಆಯ್ಕೆ ಇಲ್ಲದೆ ಸೇರಿದ ದಿನಗೂಲಿ, ಹಂಗಾಮಿ ನೌಕರರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆದೇಶದ ನೆರವಿಲ್ಲದೆ ಹತ್ತು ವರ್ಷ ದುಡಿದವರನ್ನು ಒಮ್ಮೆಗೆ ಮಾತ್ರ ಸಕ್ರಮಗೊಳಿಸಬಹುದು ಎಂಬ ವಿನಾಯಿತಿಯನ್ನೂ ಕೊಟ್ಟಿತು. ಪಂಚಾಯಿತಿಯ ನೀರುಗಂಟಿಯಿಂದ ಪಾಲಿಕೆಯ ಚಾಲಕನವರೆಗೆ ಯಾರು ಕಾಯಮಾತಿ ಕೇಳಿದರೂ ಸರ್ಕಾರ ಮೊದಲು ತೆಗೆದಿಡುವುದು ಈ ತೀರ್ಪನ್ನು. ದೀರ್ಘಕಾಲ ದುಡಿಸಿಕೊಂಡವರ ನ್ಯಾಯಯುತ ಬೇಡಿಕೆಯನ್ನು ತಳ್ಳಿಹಾಕಲು ಇದನ್ನೇ ಗುರಾಣಿಯಾಗಿಸಬಾರದು ಎಂದು 2024ರಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಿದೆ.

ತರಬೇತಿ

ಸ್ಥಳೀಯ ಆಡಳಿತದ ತರಬೇತಿ ಕೇಂದ್ರಗಳ ಊರೆಂದರೆ ಮೈಸೂರು. ಆಡಳಿತ ತರಬೇತಿ ಸಂಸ್ಥೆ, ಪಂಚಾಯಿತಿಗಳಿಗಾಗಿ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ, ನಗರಗಳಿಗಾಗಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಮೂರೂ ಅಲ್ಲಿವೆ. ನೌಕರಿಗೆ ಸೇರುವ ಮೊದಲೇ ಈ ವಿಷಯವನ್ನು ಪದವಿಯಾಗಿ ಓದಬಯಸುವವರಿಗೆ ಗದಗಿನಲ್ಲಿ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಆದರೆ ಪಿಡಿಒ ಹುದ್ದೆಗೆ ಯಾವುದೇ ಪದವಿ ಸಾಕಾಗಿರುವುದರಿಂದ ಅಲ್ಲಿ ಕಲಿತವರೂ ಉಳಿದವರ ಜೊತೆ ಅದೇ ಪರೀಕ್ಷೆ ಬರೆಯಬೇಕು.

ವೇತನ ಮತ್ತು ಬಡ್ತಿ

ರಾಜ್ಯ ಸರ್ಕಾರಿ ನೌಕರರೆನಿಸಿಕೊಂಡವರಿಗೆ ಏಳನೇ ರಾಜ್ಯ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಯಲ್ಲಿವೆ. ಕನಿಷ್ಠ ಮೂಲವೇತನ ₹27,000, ಗರಿಷ್ಠ ₹2,41,200. 2006ರ ಏಪ್ರಿಲ್ 1 ಮತ್ತು ಆನಂತರ ಸೇರಿದವರು ರಾಷ್ಟ್ರೀಯ ಪಿಂಚಣಿ ಯೋಜನೆಗೆ ಒಳಪಡುತ್ತಾರೆ. ಹಳೆಯ ಪಿಂಚಣಿ ಮರಳಿಸಬೇಕೆಂಬ ಬೇಡಿಕೆ ನೌಕರರ ಸಂಘಟನೆಗಳದು.

ಪಿಡಿಒಗಳಿಗೆ ಮುಂದಿನ ಮೆಟ್ಟಿಲು ತಾಲ್ಲೂಕು ಪಂಚಾಯಿತಿಯ ಸಹಾಯಕ ನಿರ್ದೇಶಕ ಹುದ್ದೆ. ಸುಮಾರು ಆರು ಸಾವಿರ ಪಂಚಾಯಿತಿಗಳಿಗೆ ಇರುವ ತಾಲ್ಲೂಕುಗಳು ಇನ್ನೂರು ಚಿಲ್ಲರೆ. ಈ ಲೆಕ್ಕ ನೋಡಿದರೆ ಬಡ್ತಿಯ ಬಾಗಿಲು ಎಷ್ಟು ಕಿರಿದು ಎಂಬುದು ತಿಳಿಯುತ್ತದೆ.

ಇಂದಿನ ಸ್ಥಿತಿ

ಕಾಗದದ ರಿಜಿಸ್ಟರ್‌ಗಳ ಜಾಗಕ್ಕೆ ‘ಪಂಚತಂತ್ರ’ ತಂತ್ರಾಂಶ, ಇ-ಸ್ವತ್ತು, ಬಾಪೂಜಿ ಸೇವಾ ಕೇಂದ್ರಗಳು ಬಂದಿವೆ. 2011ರ ಸಕಾಲ ಕಾಯ್ದೆ ಪ್ರತಿ ಸೇವೆಗೂ ಗಡುವು ಹಾಕಿದೆ. ಇದರಿಂದ ಅರ್ಜಿ ಎಲ್ಲಿದೆ ಎಂಬುದು ಜನರಿಗೆ ಕಾಣುವಂತಾಯಿತು, ನೌಕರರಿಗೆ ಮಾತ್ರ ಕೆಲಸ ಇಮ್ಮಡಿಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದ್ದಕ್ಕೆ ಮೊಬೈಲ್ ಆ್ಯಪ್‌ಗಳ ಹೊರೆಯೇ ಮುಖ್ಯ ಕಾರಣ. ಮರುತಿಂಗಳೇ ಪಿಡಿಒಗಳೂ ಪಂಚಾಯಿತಿ ನೌಕರರೂ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕುಳಿತರು. ಪಿಡಿಒ ಹುದ್ದೆಯನ್ನು ಗ್ರೂಪ್ ‘ಬಿ’ಗೆ ಏರಿಸಬೇಕೆಂಬುದು ಅವರ ಪ್ರಮುಖ ಬೇಡಿಕೆಗಳಲ್ಲಿ ಒಂದು.

ಪರೀಕ್ಷೆಗಳ ಮೇಲಿನ ನಂಬಿಕೆಗೂ ಪೆಟ್ಟು ಬಿದ್ದಿದೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಅರ್ಥವೇ ಆಗದಷ್ಟು ಕೆಟ್ಟಿತ್ತು. ಸರ್ಕಾರ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯ ಅನುವಾದದ ಬಗ್ಗೆಯೂ ಅಭ್ಯರ್ಥಿಗಳು ಬೀದಿಗಿಳಿದರು. ಅದೇ ವರ್ಷದ ನವೆಂಬರ್ 17ರಂದು ಸಿಂಧನೂರಿನ ಕೇಂದ್ರವೊಂದರಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆ ಎಂದು ಪಿಡಿಒ ಅಭ್ಯರ್ಥಿಗಳು ಪರೀಕ್ಷೆ ಬಿಟ್ಟು ಹೊರಬಂದು ರಸ್ತೆ ತಡೆ ನಡೆಸಿದರು.

ನೌಕರರು ಯಾರಿಗೆ ಉತ್ತರದಾಯಿಗಳು ಎಂಬ ಪ್ರಶ್ನೆ ಇನ್ನೊಂದು ಕಡೆಯಿಂದಲೂ ಎದ್ದಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿಯ ತಗಾದೆಯಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಬೆಂಗಳೂರು ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಆಡಳಿತಾಧಿಕಾರಿಗಳ ಕೆಳಗೆ ಸಿಇಒ, ಇಒ, ಆಯುಕ್ತರೇ ಬಜೆಟ್ ಮಾಡಿ, ಕಾಮಗಾರಿ ಆರಿಸಿ, ಬಿಲ್ಲು ಪಾವತಿಸುತ್ತ ಬಂದರು. 1987ರಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರು ಕೂರುತ್ತಿದ್ದ ಸ್ಥಾನದ ಅಧಿಕಾರವನ್ನು ಈ ಅವಧಿಯಲ್ಲಿ ಚಲಾಯಿಸಿದವರು ಸರ್ಕಾರ ನೇಮಿಸಿದ ಅಧಿಕಾರಿಗಳು.